ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮ್ಯಾಲೆ: ಪಂಡಿತಾ ರಮಾಬಾಯಿ ಹುಡುಕಿದ್ದೇನು?

ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಬ್ಯಾಡ. ಒಬ್ಬ ಹೆಣ್ಮಗಳ ಇತಿಹಾಸ ಹೇಳ್ತೀನಿ. ಸ್ವಲ್ಪ ಉದ್ದ ಆಗ್ತದ, ಮಧ್ಯಾಹ್ನ ಎಲ್ಲಾರ ಊಟ ಆದ ಮ್ಯಾಲೆ ಓದ್ರಿ.

ಯಾಕ ಈ ಕತಿ ಅಂದ್ರ, ನಮ್ಮ ನಿಮ್ಮಂಥಾ ಹೆಣ್ಮಕ್ಕಳ ಬಾಯಾಗ ಒಂದು ಮಾತು ಮ್ಯಾಲಿಂದ ಮ್ಯಾಲೆ ಕೇಳ್ತೀನಿ. ಚರ್ಚಿಗೆ ಹೋಗೋ ಅಕ್ಕಾರು, "ಐತವಾರ ಒಂದೂ ತಪ್ಪಿಸಿಲ್ಲ, ಪ್ರಾರ್ಥನಾ ಬಿಟ್ಟಿಲ್ಲ, ಆದ್ರ ಒಳಗ ಏನೂ ಇಲ್ಲದಂಗ ಆಗ್ಯದ" ಅಂತಾರ. ಗುಡಿಗೆ ಹೋಗೋ ವೈನ್ಯಾರೂ ಇದನ್ನ ಬ್ಯಾರೆ ಮಾತಿನ್ಯಾಗ ಹೇಳ್ತಾರ. ಇದು ವಯಸ್ಸಿನ ದಣಿವೋ, ಭಕ್ತಿ ಕಡಿಮಿ ಆಗೇದೋ, ದೇವರು ದೂರ ಹೋಗ್ಯಾನೋ ಅಂತ ತಿಳಿಯೂದಿಲ್ಲ. ನೂರಾ ಮೂವತ್ತು ವರ್ಷದ ಹಿಂದ ಇದೇ ಪ್ರಶ್ನಿ ಒಬ್ಬರನ್ನ ಕಾಡಿತ್ತು. ಅವರೇನು ಸಣ್ಣ ಮನಷ್ಯಾರಲ್ಲ. ಪಂಡಿತಾ ರಮಾಬಾಯಿ ಸರಸ್ವತಿ.

ಇವರು ಮಹಾರಾಷ್ಟ್ರದವರು ಅಂತನ ಭಾಳ ಮಂದಿ ತಿಳದಾರ. ಆದ್ರ ಹುಟ್ಟಿದ್ದು ನಮ್ಮ ನಾಡಿನ್ಯಾಗ ನೋಡ್ರಿ. ಕುದುರೆಮುಖದ ಕಡೆ ಗಂಗಾಮೂಲ ಅಂತ ಗುಡ್ಡ ಅದ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಜಾಗಾ. ಅಲ್ಲಿ ಕಾಡಿನ ಮನ್ಯಾಗ 1858ರ ಏಪ್ರಿಲ್ 23ಕ್ಕ ರಮಾಬಾಯಿ ಹುಟ್ಟಿದ್ರು. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ರ ಮಾಳ ಅನ್ನೋ ಊರಿನ ಚಿತ್ಪಾವನ ಬ್ರಾಹ್ಮಣರು. ಅವರು ಪುಣೆಯೊಳಗ ಓದೋ ಮುಂದ, ಅವರ ಗುರುಗಳು ಪೇಶ್ವೆಯವರ ಅರಮನಿಗೆ ಹೋಗಿ ರಾಣಿಯವರಿಗೆ ಸಂಸ್ಕೃತ ಕಲಸ್ತಿದ್ರಂತ. ಅದನ್ನ ನೋಡಿ ಇವರಿಗೂ ಹೆಂಡತಿಗೆ ಕಲಿಸಬೇಕು ಅನ್ನೋ ಹಂಬಲ ಬಂತು. ಆಗಿನ ಕಾಲಕ್ಕ ಅದು ಸಣ್ಣ ಮಾತೇನ್ರಿ? ಉಡುಪಿಯ ಪಂಡಿತರ ಮುಂದ ಹೋಗಿ, ಹೆಂಗಸರಿಗೆ ಸಂಸ್ಕೃತ ಕಲಿಸೋದು ತಪ್ಪಲ್ಲ ಅಂತ ಶಾಸ್ತ್ರ ತಗದು ವಾದ ಮಾಡಬೇಕಾತು. ಊರಿನ ಮಂದಿ ಸಹವಾಸ ಬ್ಯಾಡ ಅಂತ ಕಾಡಿನ್ಯಾಗ ಮನಿ ಮಾಡಿ, ಅಲ್ಲೇ ಹೆಂಡತಿ ಲಕ್ಷ್ಮೀಬಾಯಿಗೆ ಓದಿಸಿದ್ರು.

ರಮಾ ಆರು ತಿಂಗಳ ಕೂಸಿದ್ದಾಗ ಆ ಮನಿ ಬಿಡೋ ಹೊತ್ತು ಬಂತು. ಬೆತ್ತದ ಪೆಟ್ಟಿಗಿಯೊಳಗ ಕೂಸನ್ನ ಮಲಗಿಸಿ, ಆಳಿನ ತಲಿ ಮ್ಯಾಲೆ ಹೊರಿಸಿ ಘಟ್ಟ ಇಳದ್ರು. ಅಂದಿಂದ ತೀರ್ಥಯಾತ್ರೆನ ಬಾಳೇವು ಆತು. ಒಂದೊಂದು ಕ್ಷೇತ್ರದಾಗ ಕೂತು ಅಪ್ಪ ಪುರಾಣ ಓದೋರು, ಕೇಳಿದ ಮಂದಿ ಕೊಟ್ಟಿದ್ರಾಗ ಹೊಟ್ಟಿ ತುಂಬೋದು. ಅವ್ವ ನಸುಕಿನ್ಯಾಗ ಎದ್ದು, ನಿದ್ದಿಗಣ್ಣಿನ ಮಗಳನ್ನ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ಶ್ಲೋಕ ಹೇಳಿಕೊಡೋರು. ಮನಿಕೆಲಸ ಶುರುವಾದ್ರ ಆಮ್ಯಾಲೆ ಪುರಸೊತ್ತು ಎಲ್ಲಿದು? ಹಂಗ ಕಲತು ಆಕಿ ಭಾಗವತದ 18,000 ಶ್ಲೋಕ ಬಾಯಿಪಾಠ ಮಾಡಿದಳು. ಕನ್ನಡ, ಮರಾಠಿ, ಹಿಂದೂಸ್ತಾನಿ ಹಾದ್ಯಾಗ ಬಂದ್ವು.

1874ರ ಸುಮಾರು ಬರಗಾಲದಾಗ ಈ ಸಂಸಾರ ನೆಲಾ ಹಿಡೀತು. ವ್ರತ ಮಾಡಿದ್ರು, ದಾನ ಕೊಟ್ಟು ಇದ್ದ ರೊಕ್ಕ ಮುಗಿಸಿದ್ರು, ದೇವರು ಕಣ್ಣು ಬಿಡ್ತಾನ ಅಂತ ಕಾದ್ರು. ಭಿಕ್ಷಾ ಬೇಡಾಕ ನಾಚಿಕಿ, ಕೂಲಿ ಮಾಡಾಕ ರೂಢಿಲ್ಲ. ಅಪ್ಪ ಹೋದ್ರು, ಸ್ವಲ್ಪ ದಿನದಾಗ ಅವ್ವ, ಆಮ್ಯಾಲೆ ಅಕ್ಕ. ಅವ್ವನ ಹೆಣ ಹೊರಾಕ ನಾಲ್ಕು ಮಂದಿ ಸಿಗಲಿಲ್ಲ. ಕನಿಕರ ಬಂದು ಇಬ್ಬರು ಬಂದ್ರು, ಮೂರನೇದಾವ ಅಣ್ಣ ಶ್ರೀನಿವಾಸ, ನಾಲ್ಕನೇದಾಕಿ ರಮಾ. ಆಕಿ ಗಿಡ್ಡ ಇದ್ದಳು, ಹೆಗಲು ಎಟಕಲಿಲ್ಲ, ತಲಿ ಮ್ಯಾಲೆ ಚಟ್ಟ ಹೊತ್ತಳು. ಇದನ್ನ ಓದಿದಾಗ ನಾ ಪುಸ್ತಕ ಕೆಳಗಿಟ್ಟು ಒಂದು ತಾಸು ಸುಮ್ಮನ ಕೂತಿದ್ದೆ. ಹದಿನಾರು ವರ್ಷದ ಹುಡುಗಿ ಅದು.

ಅಣ್ಣ ತಂಗಿ ದೇಶಾನ ಕಾಲ್ನಡಿಗಿಲೆ ಸುತ್ತಿ, 1878ಕ್ಕ ಕಲಕತ್ತಾ ಮುಟ್ಟಿದ್ರು. ಅಲ್ಲಿ ಪಂಡಿತರು ಪರೀಕ್ಷಾ ಮಾಡಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ರು. ಮೊದಲನೇ ಸಲ ಕ್ರೈಸ್ತರ ಕೂಟ ನೋಡಿದ್ದೂ ಅಲ್ಲೇ. ನಗು ಬರ್ತದ ಕೇಳ್ರಿ: ಅಲ್ಲಿದ್ದವರೆಲ್ಲ ಪ್ರಾರ್ಥನಾ ಹೊತ್ತಿಗೆ ಹಿಂದ ತಿರುಗಿ ಕುರ್ಚಿ ಮುಂದ ಮಂಡಿ ಊರಿದ್ರು. ಇವರು, ಈ ಮಂದಿ ಕುರ್ಚಿ ಪೂಜಾ ಮಾಡ್ತಾರ ಅಂತ ತಿಳಕೊಂಡ್ರು! ಸಂಸ್ಕೃತದ ಬೈಬಲ್ ಒಂದು ಕೊಟ್ಟು ಕಳಿಸಿದ್ರು, ಓದಿದ್ರ ಅರ್ಥ ಆಗಲಿಲ್ಲ. ಅದೇ ಊರಾಗ ಹೆಂಗಸರಿಗೆ ಧರ್ಮ ಹೇಳಬೇಕು ಅಂತ ಶಾಸ್ತ್ರಗ್ರಂಥ ಓದಾಕ ಕೂತ್ರು. ಅದರಾಗ ಹೆಣ್ಣಿನ ಬಗ್ಗೆ ಬರದಿದ್ದು ನೋಡಿ ಅವರ ನಂಬಿಗಿ ಅಲ್ಲಾಡಿತು. ಹೆಣ್ಣಿಗೆ ಹೆಣ್ಣಾಗಿನ ಮುಕ್ತಿ ಇಲ್ಲೇನು, ಅದು ಅವರ ಪ್ರಶ್ನಿ.

1880ರಾಗ ಅಣ್ಣನೂ ತೀರಿಕೊಂಡ. ಆಮ್ಯಾಲೆ ರಮಾಬಾಯಿ, ಬಿಪಿನ್ ಬಿಹಾರಿ ಮೇಧಾವಿ ಅನ್ನೋ ಬಂಗಾಲಿ ವಕೀಲರನ್ನ ಲಗ್ನಾದ್ರು. ಜಾತಿ ಬ್ಯಾರೆ, ಭಾಷಾ ಬ್ಯಾರೆ. ಆಸಾಮಿನ ಸಿಲ್ಚರ್‌ದಾಗ ಸಂಸಾರ. ಮನ್ಯಾಗಿನ ಪುಸ್ತಕದ ನಡುವ ಬಂಗಾಲಿಯ ಲೂಕನ ಸುವಾರ್ತೆ ಸಿಕ್ಕಿತು, ಓದಿದ್ರು. ಊರಿಗೆ ಬರ್ತಿದ್ದ ಪಾದ್ರಿಯವರ ಕಡಿಂದ ಕೇಳಿ ತಿಳಕೊಂಡ್ರು. ಗಂಡನಿಗೆ ಇದು ಮನಸ್ಸಿಗೆ ಬರಲಿಲ್ಲ, ಪಾದ್ರಿ ಬರೋದು ಬ್ಯಾಡ ಅಂದ್ರು. 1882ರ ಫೆಬ್ರವರಿಯಾಗ ಕಾಲರಾ ಬಂದು ಗಂಡನೂ ಹೋದ್ರು. ಕೈಯಾಗ ಹತ್ತು ತಿಂಗಳೂ ತುಂಬದ ಮಗಳು ಮನೋರಮಾ. ರಮಾಬಾಯಿಯವರಿಗೆ ಇನ್ನಾ 24 ತುಂಬಿರಲಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ್ರು. ಹಂಟರ್ ಆಯೋಗದ ಮುಂದ, ಹೆಣ್ಮಕ್ಕಳಿಗೆ ಹೆಣ್ಣು ಮಾಸ್ತರು, ಹೆಣ್ಣು ಡಾಕ್ಟರು ಬೇಕು ಅಂತ ಸಾಕ್ಷಿ ಹೇಳಿದ್ರು. ತಾವೂ ಡಾಕ್ಟರಕಿ ಕಲೀಬೇಕು ಅಂತ 1883ಕ್ಕ ಕೂಸು ಕಟಗೊಂಡು ಇಂಗ್ಲೆಂಡಿಗೆ ಹೋದ್ರು. ಕಿವಿ ಮಂದ ಇದ್ದದ್ದಕ್ಕ ಡಾಕ್ಟರಕಿ ಆಗಲಿಲ್ಲ. ವಾಂಟೇಜ್ ಅನ್ನೋ ಊರಿನ ಸನ್ಯಾಸಿನಿಯರ ಮಠದಾಗ ಉಳದ್ರು. ಅವರು ಲಂಡನ್ನಿನ ಫುಲಹ್ಯಾಮಿನ್ಯಾಗ, ದಾರಿ ತಪ್ಪಿದಾರ ಅಂತ ಮಂದಿ ಬಿಟ್ಟಿದ್ದ ಹೆಂಗಸರಿಗೆ ಮನಿ ನಡಸ್ತಿದ್ರು. ರಮಾಬಾಯಿಯವರಿಗೆ ಇದು ಹೊಸಾದು. ಇಂಥವರ ಮ್ಯಾಲೆ ಇಷ್ಟು ಪ್ರೀತಿ ಯಾಕ್ರಿ ಅಂತ ಕೇಳಿದ್ರು. ಉತ್ತರಾ ಅಂತ ಯೇಸು ಮತ್ತ ಸಮಾರ್ಯದ ಹೆಂಗಸಿನ ಕತಿ ಹೇಳಿದ್ರು, ಯೋಹಾನನ ಸುವಾರ್ತೆಯ 4ನೇ ಅಧ್ಯಾಯ. ಬಾವಿಗೆ ನೀರಿಗೆ ಬಂದ, ಊರು ಬಿಟ್ಟ ಹೆಣ್ಮಗಳ ಕೂಡ ಯೇಸು ಕೂತು ಮಾತಾಡಿದ ಕತಿ. ಇದು ಅವರ ಎದಿಗೆ ಮುಟ್ಟಿತು. 1883ರ ಸೆಪ್ಟೆಂಬರ್ 29ಕ್ಕ ತಾಯಿ ಮಗಳು ಇಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡ್ರು.

ಇಲ್ಲಿಗೆ ಕತಿ ಮುಗೀತು ಅಂತ ಮಂದಿ ತಿಳೀತಾರ. ನನಗ ಹೇಳಬೇಕಾಗಿರೋದು ಇಲ್ಲಿಂದ ಶುರು ಆಗ್ತದ.

ಹೊಸ ಧರ್ಮದಾಗೂ ರಮಾಬಾಯಿ ಸುಮ್ಮನ ತಲಿ ಬಾಗಿಸಲಿಲ್ಲ. ಚೆಲ್ಟನ್‌ಹ್ಯಾಮ್ ಕಾಲೇಜಿನ್ಯಾಗ ಸಂಸ್ಕೃತ ಕಲಿಸಿಕೋತ, ತಾವೂ ಓದಕೋತ ಇದ್ರು. ಗಂಡುಹುಡುಗರಿಗೆ ಒಬ್ಬ ಹೆಂಗಸು ಪಾಠ ಹೇಳಬಾರದು ಅಂತ ಬಿಷಪ್‌ರು ತಕರಾರು ತಗದಾಗ ಸಿಟ್ಟಾದ್ರು. ನಮ್ಮೂರಿನ ಪುರೋಹಿತರ ಕೈಯಿಂದ ಬಿಡಿಸಿಕೊಂಡು ಬಂದಾಕಿ, ಮತ್ತೊಂದು ನೊಗಕ್ಕ ಕುತ್ತಿಗಿ ಕೊಡೂದಿಲ್ಲ ಅನ್ನೋ ಅರ್ಥ ಬರೋಹಂಗ ಕಾಗದಾ ಬರದ್ರು. ಬೈಬಲ್ ತಾವ ಓದಿ, ತಾವ ತೂಗಿ ನೋಡಿ ನಂಬಬೇಕು ಅನ್ನೋದು ಅವರ ಹಟ.

1886ಕ್ಕ ಅಮೆರಿಕಾಕ್ಕ ಹೋದ್ರು, ಆನಂದಿಬಾಯಿ ಜೋಶಿಯವರು ಡಾಕ್ಟರ್ ಪದವಿ ತಗೊಳ್ಳೋದನ್ನ ಕಣ್ಣಿಲೆ ನೋಡಿದ್ರು. ಊರೂರು ಭಾಷಣ ಮಾಡಿ, ಪುಸ್ತಕ ಬರದು ರೊಕ್ಕ ಕೂಡಿಸಿದ್ರು. 1889ರ ಮಾರ್ಚ್ 11ಕ್ಕ ಮುಂಬೈದಾಗ ವಿಧವೆಯರ ಸಲುವಾಗಿ ಶಾರದಾ ಸದನ ಅನ್ನೋ ಸಾಲಿ ತಗದ್ರು, ಮುಂದಿನ ವರ್ಷ ಅದು ಪುಣೆಗೆ ಬಂತು. ಅಲ್ಲಿ ಮೊದಲ ಬಂದ ವಿಧವೆ ಹುಡುಗಿ ಗೋದೂಬಾಯಿ, ಮುಂದ ಮಹರ್ಷಿ ಕರ್ವೆಯವರ ಹೆಂಡತಿ ಆನಂದಿಬಾಯಿ ಆದ್ರು. ಹೊರಗಿಂದ ನೋಡಿದ್ರ ಏನ್ ಕಡಿಮಿ ಇತ್ತು ಹೇಳ್ರಿ? ಹೆಸರದ, ಕೆಲಸ ಅದ, ಧರ್ಮ ಅದ, ಪ್ರಾರ್ಥನಾ ಅದ.

ಆದ್ರ ಅವರ ಎದ್ಯಾಗ ಸಮಾಧಾನ ಇರಲಿಲ್ಲ. ದೀಕ್ಷಾಸ್ನಾನ ಆಗಿ ಎಂಟು ವರ್ಷದ ಮ್ಯಾಲೆ, 1891ರ ಸುಮಾರು, ಅವರಿಗೆ ಒಂದು ತಿಳುವಳಿಕಿ ಬಂತು. ಕ್ರೈಸ್ತ ಧರ್ಮ ಸಿಕ್ಕದ, ಒಳ್ಳೆದ ಅದ, ಆದ್ರ ಕ್ರಿಸ್ತ ಇನ್ನಾ ಸಿಕ್ಕಿಲ್ಲ ಅಂತ. ಇದನ್ನ ಅವರು ಮುಂದ 1907ರಾಗ ಬರದ ಆತ್ಮಸಾಕ್ಷಿಯೊಳಗ ಮುಚ್ಚುಮರಿ ಇಲ್ಲದ ಹೇಳ್ಯಾರ. ಅಷ್ಟೊತ್ತಿಗೆ ಜಗತ್ತಿಗೆಲ್ಲ ಗೊತ್ತಿದ್ದ ಹೆಂಗಸು, ನಾ ಇಷ್ಟು ವರ್ಷ ಒಳಗ ಖಾಲಿ ಇದ್ದೆ ಅಂತ ಬರೀಬೇಕಂದ್ರ ಎಂಥಾ ಗಟ್ಟಿ ಎದಿ ಬೇಕು!

ನಾ ಇದನ್ನ ನಮ್ಮ ಭಾಷೆಗೆ ತಂದು ಹೇಳ್ತೀನಿ. ಮುಂಜಾನಿಂದ ರೊಟ್ಟಿ ಬಡದು, ಪಲ್ಯಾ ಮಾಡಿ, ಬಂದವರಿಗೆಲ್ಲ ಬಡಿಸಿ, ಭಾಂಡೆ ತಿಕ್ಕಿ, ಸಂಜಿಗೆ ನೋಡಿದ್ರ ತಾನ ಉಂಡಿಲ್ಲ. ಅಡಗಿಮನಿ ತನ್ನದ, ಹಿಟ್ಟು ತನ್ನದ, ಒಲಿ ತನ್ನದ, ಆದ್ರ ಹಸಿವಿ ಹಂಗ ಅದ. ಅವರ ಎಂಟು ವರ್ಷ ಹಂಗಿತ್ತು ಅಂತ ನನಗ ಅನಸ್ತದ.

ಆ ಹೊತ್ತಿಗೆ ಅವರ ಕೈಗೆ ವಿಲಿಯಂ ಹ್ಯಾಸ್ಲಮ್ ಅನ್ನೋ ಇಂಗ್ಲಿಷ್ ಪಾದ್ರಿಯವರ ಆತ್ಮಕತಿ ಬಂತು. ಈ ಹ್ಯಾಸ್ಲಮ್‌ರದ್ದೂ ಮೋಜಿನ ಕತಿ. ಕಾರ್ನ್‌ವಾಲ್ ಸೀಮಿಯೊಳಗ ಚರ್ಚ್ ಕಟ್ಟಿಸಿ, ವರ್ಷಗಟ್ಟಲೆ ಪಾದ್ರಿಕಿ ಮಾಡಿದವರು. 1851ರಾಗ ಒಂದು ಐತವಾರ ತಾವ ಉಪದೇಶ ಮಾಡೋ ಮುಂದ, ಆ ಮಾತು ತಮಗ ತಾಗಿ, ಅಲ್ಲೇ ಮನಸ್ಸು ತಿರುಗಿತು. ಪಾದ್ರಿಯವರ ಮನಸ್ಸು ತಿರುಗಿತು ಅಂತ ಕೂತ ಮಂದಿನ ಕೂಗಿದ್ರಂತ. ರಮಾಬಾಯಿ ಇದನ್ನ ಓದಿ ತಮ್ಮನ್ನ ತಾವ ಕೇಳಿಕೊಂಡ್ರು: ಇಂಥಾದ್ದು ನನಗ ಆಗೇದೇನು? ನಾ ನಂಬಿದ್ದು ಬುದ್ಧಿಲೆ, ವಾದ ಮಾಡಿ, ತೂಗಿ ನೋಡಿ. ಆದ್ರ ನನ್ನ ಪಾಪ ಹೋಗೇದ ಅನ್ನೋ ಧೈರ್ಯ ಎಲ್ಲಿ ಅದ?

ಆಮ್ಯಾಲೆ ಬೈಬಲ್ ಹಿಡಕೊಂಡು ಕೂತ್ರು. ತಿಳದದ್ದೇನಪಾ ಅಂದ್ರ, ಇಷ್ಟು ದಿನ ದೀಕ್ಷಾಸ್ನಾನ ಆತು, ಒಳ್ಳೆ ಕೆಲಸ ಮಾಡ್ತೀನಿ, ನೇಮ ನಡಸ್ತೀನಿ, ಇದರ ಮ್ಯಾಲೆ ಭಾರ ಹಾಕಿದ್ದೆ. ಇದೆಲ್ಲ ನನ್ನ ಗಳಿಕಿ ಲೆಕ್ಕ. ದೇವರು ಕೊಡೋದು ಲೆಕ್ಕ ನೋಡಿ ಅಲ್ಲ, ಕೃಪಾದಿಂದ ಪುಕ್ಕಟ ಕೊಡ್ತಾನ, ಕೈ ಚಾಚಿ ತಗೋಬೇಕಷ್ಟ. ಸಣ್ಣ ಹುಡುಗಿ ಇದ್ದಾಗಿಂದ ವ್ರತ, ದಾನ, ತೀರ್ಥ ಅಂತ ಪುಣ್ಯದ ಲೆಕ್ಕ ಇಟ್ಟು, ಕಡೀಕ ಬರಗಾಲದಾಗ ಬರಿಗೈ ಆಗಿದ್ದ ಜೀವ ಅದು. ಧರ್ಮ ಬದಲಾದ್ರೂ ಲೆಕ್ಕದ ಪುಸ್ತಕ ಬದಲಾಗಿರಲಿಲ್ಲ. ಅದನ್ನ ಮುಚ್ಚಿಟ್ಟ ದಿನ ಸಮಾಧಾನ ಸಿಕ್ಕಿತು.

ಇದಕ್ಕ ಬೆಲಿನೂ ಕೊಡಬೇಕಾತು. ಶಾರದಾ ಸದನದಾಗ ಧರ್ಮ ಬೋಧನಾ ಇಲ್ಲ ಅಂತ ಮೊದಲ ಮಾತಾಗಿತ್ತು. ಈಗ ಅವರು ತಮ್ಮ ಖೋಲ್ಯಾಗ ಪ್ರಾರ್ಥನಾ ಮಾಡೋ ಮುಂದ ಬಾಗಲಾ ತಗದಿಡ್ತಿದ್ರು, ಕೆಲವು ಹುಡುಗ್ಯಾರು ಬಂದು ಕೂಡಾಕ ಹತ್ತಿದ್ರು. 1893ರಾಗ ದೊಡ್ಡ ಗದ್ದಲ ಆತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೀತು, ರಾನಡೆ, ಭಂಡಾರಕರರಂಥಾ ಹಿತೈಷಿಗಳೂ ಸಲಹಾ ಸಮಿತಿ ಬಿಟ್ರು, ಸುಮಾರು 25 ಹುಡುಗ್ಯಾರನ್ನ ಮನಿಯವರು ಕರಕೊಂಡು ಹೋದ್ರು. ನಾ ಯಾರನ್ನೂ ಒತ್ತಾಯ ಮಾಡಿಲ್ಲ, ಬಾಗಲಾ ಹಾಕಿಕೊಂಡು ಪ್ರಾರ್ಥನಾ ಮಾಡೂದಿಲ್ಲ ಅಂತ ರಮಾಬಾಯಿ ಗಟ್ಟಿ ನಿಂತ್ರು. ಹಂಗಂತ ತಾಯಿ ತಂದಿಯರ ಸಂಕಟಾನೂ ಸುಳ್ಳಲ್ರಿ. ಓದಾಕ ಕಳಿಸಿದ ಮಗಳು ಮನಿಯ ದೇವರನ್ನ ಬಿಟ್ಟು ಬಂದ್ರ ಯಾರ ಹೊಟ್ಟಿ ಉರಿಯೂದಿಲ್ಲ? ಕೊಟ್ಟ ಮಾತಿನ ಪ್ರಶ್ನಿನೂ ಇತ್ತು. ಒಬ್ಬರ ಎದಿಯ ಬೆಳಕು ಮತ್ತೊಬ್ಬರ ಮನ್ಯಾಗ ಬೆಂಕಿ ಆಗೋದೂ ಉಂಟು. ಈ ಎರಡೂ ಕಡೆ ಇಟ್ಟು ನೋಡಿದ್ರನ ಇತಿಹಾಸ ನೆಟ್ಟಗ ಕಾಣಸ್ತದ.

1896–97ರಾಗ ಮತ್ತ ಬರಗಾಲ ಬಂತು. ತಾ ಉಪವಾಸ ಸತ್ತ ನೆನಪು ಇದ್ದ ಜೀವ ಸುಮ್ಮನ ಕೂಡ್ತದೇನು? ಮಧ್ಯ ಪ್ರಾಂತಕ್ಕ ಹೋಗಿ ದಿಕ್ಕಿಲ್ಲದ ನೂರಾರು ಹುಡುಗ್ಯಾರನ್ನ ಕರಕೊಂಡು ಬಂದ್ರು. ನಮ್ಮ ಕಲಬುರ್ಗಿ, ಸೊಲ್ಲಾಪುರ ಕಡಿಂದ ಪುಣೆಗೆ ರೈಲಿಗೆ ಹೋದ್ರ ದೌಂಡ್ ದಾಟಿದ ಮ್ಯಾಲೆ ಕೇಡಗಾಂವ್ ಬರ್ತದಲ್ಲ, ಅಲ್ಲಿ ಹೊಲಾ ತಗೊಂಡಿದ್ರು. ಅಲ್ಲೇ ಮುಕ್ತಿ ಅನ್ನೋ ಆಶ್ರಮ ಬೆಳೀತು. 1900ರ ಗುಜರಾತಿನ ಬರದ ಹೊತ್ತಿಗೆ ಹತ್ರ ಹತ್ರ 2,000 ಹೆಣ್ಣುಜೀವ ಅಲ್ಲಿದ್ವು. ನೇಯೋದು, ಎಣ್ಣಿ ತಗಿಯೋದು, ಹೊಲದ ಕೆಲಸ, ಅಚ್ಚು ಹಾಕೋದು ಎಲ್ಲಾ ಅವರ ಕೈಲೆ. ಕಣ್ಣಿಲ್ಲದವರಿಗೆ ಬ್ರೇಲ್ ಕಲಿಸೋ ಕೆಲಸಾನೂ ಇತ್ತು.

ಅಷ್ಟು ಮಂದಿಗೆ ಅನ್ನ ಅರಿವಿ ಕೊಟ್ರೂ ರಮಾಬಾಯಿಯವರಿಗೆ ಚಿಂತಿ ಇತ್ತು. ಆಶ್ರಮದಾಗ ಇದ್ದದ್ದಕ್ಕ ಇವರೆಲ್ಲ ಕ್ರೈಸ್ತರು ಅನಿಸಿಕೊಂಡಾರ, ನನಗ ಆದಂಗ ಇವರಿಗೂ ಆಗಬಾರದು ಅಂತ. 1904ರಾಗ ವೇಲ್ಸ್ ದೇಶದಾಗ ದೊಡ್ಡ ಉಜ್ಜೀವನ ಶುರುವಾಗಿತ್ತು, ಆ ಸುದ್ದಿ ಇಲ್ಲಿಗೂ ಬಂತು. 1905ರ ಜನವರಿಯಾಗ ರಮಾಬಾಯಿ ದಿನಾ ಕೂಡಿ ಪ್ರಾರ್ಥನಾ ಮಾಡೋಣು ಅಂತ ಕರದ್ರು. ಮೊದಲ ಸುಮಾರು 70 ಮಂದಿ ಬಂದ್ರು. ಜೂನ್ ಹೊತ್ತಿಗೆ 550 ಆದ್ರು. ಆರು ತಿಂಗಳು ಬರೇ ಪ್ರಾರ್ಥನಾ, ಮತ್ತೇನೂ ಆಗಲಿಲ್ಲ.

ಜೂನ್ 29ರ ನಸುಕು, ಮೂರೂವರಿ ಹೊತ್ತು. ಮಲಗೋ ಮನ್ಯಾಗ ಒಬ್ಬ ಹುಡುಗಿಗೆ ಮೈಯಾಗೆಲ್ಲ ಬೆಂಕಿ ಇಳದಂಗ ಆಗಿ ಎದ್ದಳು. ಅದನ್ನ ನೋಡಿದ ಇನ್ನೊಬ್ಬಾಕಿ, ಅಯ್ಯ ಸುಡಾಕತ್ತಾಳ ಅಂತ ಓಡಿ ಹೋಗಿ ನೀರಿನ ಬಕೆಟ್ ತಂದು ಸುರಿಯಾಕ ಹೋದಳು. ನೋಡಿದ್ರ ಬೆಂಕಿ ಇಲ್ಲ. ಅಲ್ಲಿದ್ದ ಮಿನ್ನಿ ಅಬ್ರಾಮ್ಸ್ ಅನ್ನೋ ಅಮೆರಿಕನ್ ಬಾಯಿಯವರು ಇದನ್ನೆಲ್ಲ ಬರದಿಟ್ಟಾರ. ಮರುದಿನ ಸಂಜಿಗೆ ರಮಾಬಾಯಿ ಯೋಹಾನನ ಸುವಾರ್ತೆ 8ನೇ ಅಧ್ಯಾಯ ಸಾವಕಾಶ ಹೇಳಿಕೊಡೋ ಮುಂದ, ಹುಡುಗ್ಯಾರು ಒಬ್ಬೊಬ್ಬರ ಅಳಾಕ, ಜೋರಾಗಿ ಪ್ರಾರ್ಥನಾ ಮಾಡಾಕ ಹತ್ತಿದ್ರು. ಪಾಠ ನಿಂತ್ವು. ಯಾರಿಗೂ ಗೊತ್ತಿರದ ತಪ್ಪುಗಳನ್ನ ಹುಡುಗ್ಯಾರು ತಾವ ಬಾಯಿಬಿಟ್ಟು ಒಪ್ಪಿಕೊಂಡ್ರು.

ನೂರಾರು ಮಂದಿ ಒಮ್ಮೆಲೆ ಜೋರು ದನಿಲೆ ಪ್ರಾರ್ಥನಾ ಮಾಡೋದು ನೋಡಿ, ಇದೆಂಥಾ ಗದ್ದಲ, ಅಚ್ಚುಕಟ್ಟಿಲ್ಲ ಅಂತ ಟೀಕಾನೂ ಬಂತು. ರಮಾಬಾಯಿ ಬಗ್ಗಲಿಲ್ಲ. ನಮ್ಮ ದೇಶದ ಹೆಣ್ಮಕ್ಕಳು ತಮ್ಮ ಸ್ವಭಾವದ ಪ್ರಕಾರ ಅಳಲಿ, ಹಾಡಲಿ, ಪರದೇಶದ ರೀತಿನ ಯಾಕ ಬೇಕು ಅನ್ನೋದು ಅವರ ನಿಲುವು. ಇನ್ನೊಂದು ಮಾತು: ಈ ಭಾವಾವೇಶ ಅಲ್ಲೇ ನಿಲ್ಲಲಿಲ್ಲ. ಹುಡುಗ್ಯಾರು ಸರದಿ ಮಾಡಿಕೊಂಡು ಸುತ್ತ ಹಳ್ಳಿಗೆ ಹೋದ್ರು, ಆಶ್ರಮದ ಕೆಲಸ ಮತ್ತ ನಡೀತು. ಮಿನ್ನಿ ಬಾಯಿಯವರು ಬರದ ಪುಸ್ತಕ ದಕ್ಷಿಣ ಅಮೆರಿಕಾದ ಚಿಲಿಯೊಳಗಿದ್ದ ಗೆಳತಿಗೆ ಮುಟ್ಟಿ, 1909ರಾಗ ಅಲ್ಲೂ ಉಜ್ಜೀವನ ಹುಟ್ಟಾಕ ಕಾರಣ ಆತು. ಕೇಡಗಾಂವಿನ ಅನಾಥ ಹುಡುಗ್ಯಾರ ಪ್ರಾರ್ಥನಾ ಸಮುದ್ರಾ ದಾಟಿತು ನೋಡ್ರಿ.

ರಮಾಬಾಯಿಯವರ ಕಡೀ ವರ್ಷಗಳು ಗದ್ದಲ ಇಲ್ಲದ ಕೆಲಸದಾಗ ಕಳದ್ವು. ಹಳ್ಳಿ ಹೆಂಗಸರಿಗೆ ತಿಳಿಯೋ ಸಾದಾ ಮರಾಠಿಯೊಳಗ ಬೈಬಲ್ ಬೇಕು ಅಂತ, ಮೂಲದಿಂದನ ಮಾಡಬೇಕು ಅಂತ ಹೀಬ್ರೂ, ಗ್ರೀಕ್ ಕಲತ್ರು. ಅಚ್ಚು ಹಾಕಿದ್ದು ಮುಕ್ತಿಯ ಹೆಣ್ಮಕ್ಕಳು. ಮಗಳು ಮನೋರಮಾಬಾಯಿ 1912ಕ್ಕ ನಮ್ಮ ಕಲಬುರ್ಗಿಯೊಳಗ ಹೆಣ್ಮಕ್ಕಳಿಗೆ ಸಾಲಿ ಶುರು ಮಾಡಾಕ ದುಡದ್ರು, ಆಗ ಅದು ನಿಜಾಮರ ಸೀಮಿ. ಘಟ್ಟ ಇಳದು ಹೋಗಿದ್ದ ಕೂಸಿನ ಮಗಳು ಹಿಂಗ ಮತ್ತ ಕನ್ನಡದ ನೆಲಕ್ಕ ಬಂದ್ರು. ಆದ್ರ 1921ರಾಗ ಆ ಮಗಳೂ ತಾಯಿಗಿಂತ ಮೊದಲ ತೀರಿಕೊಂಡ್ರು. ಅಷ್ಟಾದ್ರೂ ತಾಯಿ ಅನುವಾದದ ಕೆಲಸ ಬಿಡಲಿಲ್ಲ, ಮುಗಿಸಿನ 1922ರ ಏಪ್ರಿಲ್ 5ಕ್ಕ ಕಣ್ಣು ಮುಚ್ಚಿದ್ರು.

ನಾ ಇದರಿಂದ ಏನು ತಿಳಕೊಂಡೆ ಹೇಳ್ತೀನಿ, ಒಪ್ಪೋದು ಬಿಡೋದು ನಿಮಗ ಸೇರಿದ್ದು. ಒಳಗ ಒಣಗೇದ ಅನ್ನೋದು ನಾಚಿಕಿ ಮಾತಲ್ಲ, ಅದನ್ನ ಮುಚ್ಚಿಟ್ಟು ಇನ್ನೊಂದು ಉಪವಾಸ, ಇನ್ನೊಂದು ಸೇವಾ ಹೆಚ್ಚಿಗಿ ಮಾಡಿದ್ರ ತುಂಬೂದಿಲ್ಲ. ರಮಾಬಾಯಿಯವರಿಗೂ ತುಂಬಲಿಲ್ಲ. ಅವರು ನಿಂತು ತಮ್ಮನ್ನ ಕೇಳಿಕೊಂಡ್ರು, ನಾ ಯಾತರ ಮ್ಯಾಲೆ ಭಾರ ಹಾಕೀನಿ ಅಂತ. ಕೇಳಾಕ ಎಂಟು ವರ್ಷ ಹಿಡೀತು. ಉತ್ತರಾ ಸಿಕ್ಕ ಮ್ಯಾಲೆ ಕೆಲಸ ಕಡಿಮಿ ಆಗಲಿಲ್ಲ, ಹತ್ತು ಪಟ್ಟು ಹೆಚ್ಚಾತು. ಆದ್ರ ಈಗ ಪುಣ್ಯ ಗಳಿಸಾಕ ಅಲ್ಲ, ಹೊಟ್ಟಿ ತುಂಬಿದಾಕಿ ಬಡಿಸೋ ಹಂಗ ಬಡಿಸಿದ್ರು.

ಮುಂದಿನ ಸಲ ಕೇಡಗಾಂವ್ ಸ್ಟೇಷನ್ ದಾಟೋ ಮುಂದ, ನಿಮ್ಮ ಬಾಜೂಕ ಕೂತ ಮಗಳಿಗೋ ಮೊಮ್ಮಗಳಿಗೋ ಈ ಗಂಗಾಮೂಲದ ಹೆಣ್ಮಗಳ ಹೆಸರು ಒಮ್ಮೆ ಹೇಳ್ರಿ.